ಜ್ವರ ಬಿಟ್ಟರೂ ಬಿಡದ ಕಾಯಿಲೆ: ಫ್ಲಾರೆನ್ಸ್ ನೈಟಿಂಗೇಲ್ ಬದುಕಿನ ಇನ್ನೊಂದು ಮುಖ

ಪ್ರತಿ ವರ್ಷ ಮೇ 12ರಂದು ಅಂತರರಾಷ್ಟ್ರೀಯ ದಾದಿಯರ ದಿನ ಆಚರಿಸುತ್ತೇವೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ರಾತ್ರಿಯ ಹೊತ್ತು ಕೈಯಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ಓಡಾಡುತ್ತಿದ್ದ ಮಹಿಳೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ನಮ್ಮ ಪಾಠ ಸಾಮಾನ್ಯವಾಗಿ ಯುದ್ಧದ ಜೊತೆಗೇ ಮುಗಿದುಹೋಗುತ್ತದೆ. ನೈಟಿಂಗೇಲ್ ಯುದ್ಧದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದು ಎರಡು ವರ್ಷಕ್ಕೂ ಕಡಿಮೆ. ಆಕೆ ಬದುಕಿದ್ದು 90 ವರ್ಷ. ನಡುವೆ ಒಂದು ಜ್ವರ ಬಂತು. ಆ ಜ್ವರದಿಂದ ಸಾಯದೆ ಉಳಿದ ಆಕೆ ಅದರ ನೆರಳಿನಲ್ಲೇ ದಶಕಗಳನ್ನು ಕಳೆದರು.

ಜ್ವರ ಇಳಿದು, ರೋಗಿ ಆಸ್ಪತ್ರೆಯಿಂದ ಮನೆಗೆ ಬಂದರೆ ಕಾಯಿಲೆ ಮುಗಿಯಿತು ಎಂದೇ ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ತೀವ್ರ ಸೋಂಕಿನ ವಿಷಯದಲ್ಲಿ, ಅದರಲ್ಲೂ ಸೆಪ್ಸಿಸ್ ವಿಷಯದಲ್ಲಿ, ಈ ನಂಬಿಕೆ ಎಷ್ಟು ತಪ್ಪು ಎಂಬುದನ್ನು ತಿಳಿಯಲು ನೈಟಿಂಗೇಲ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾಗಾಗಿ ಈ ಬಾರಿ ಪಾಠ ನಿಂತ ಜಾಗದಿಂದ ಮುಂದಕ್ಕೆ ಅವರ ಕತೆ ನೋಡೋಣ.

ಸ್ಕುಟಾರಿಯ ಆಸ್ಪತ್ರೆ

ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಶ್ರೀಮಂತ ಇಂಗ್ಲಿಷ್ ಕುಟುಂಬ. ಅಂಥ ಮನೆಯ ಹೆಣ್ಣುಮಗಳು ದಾದಿಯ ಕೆಲಸ ಮಾಡುವುದೆಂದರೆ ಆ ಕಾಲದಲ್ಲಿ ಮರ್ಯಾದೆಯ ಪ್ರಶ್ನೆ. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಎದುರಿಸಿದ ಮೇಲಷ್ಟೇ ಆಕೆಗೆ ಆ ದಾರಿ ತೆರೆದದ್ದು.

1854ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿತ್ತು. ಬ್ರಿಟಿಷ್ ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ಕಾಲರಾ, ಭೇದಿ, ಜ್ವರಗಳಿಂದ ಸಾಯುತ್ತಿದ್ದರು. ಸಚಿವ ಸಿಡ್ನಿ ಹರ್ಬರ್ಟ್ ಕೇಳಿಕೊಂಡ ಮೇಲೆ ನೈಟಿಂಗೇಲ್ 38 ದಾದಿಯರ ತಂಡದೊಂದಿಗೆ ಹೊರಟು ಅದೇ ನವೆಂಬರ್ 4ರಂದು ಸ್ಕುಟಾರಿ ತಲುಪಿದರು. ಅದು ಇಂದಿನ ಇಸ್ತಾನ್‌ಬುಲ್ ನಗರದ ಒಂದು ಭಾಗ. ಸೈನಿಕರ ವಸತಿ ಕಟ್ಟಡವನ್ನೇ ಅಲ್ಲಿ ಆಸ್ಪತ್ರೆ ಮಾಡಿದ್ದರು. ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡ ಚರಂಡಿ, ಒಳಗೆ ಗಾಳಿಯಾಡದ ಕೋಣೆಗಳು, ನೆಲದ ಮೇಲೆ ಸಾಲಾಗಿ ಮಲಗಿಸಿದ ರೋಗಿಗಳು. 1855ರ ಫೆಬ್ರವರಿಯಲ್ಲಿ ಅಲ್ಲಿ ಚಿಕಿತ್ಸೆ ಪಡೆದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಮಾರ್ಚಿನಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗ ಚರಂಡಿ ಶುಚಿಗೊಳಿಸಿ, ಗಾಳಿ ಮತ್ತು ನೀರಿನ ವ್ಯವಸ್ಥೆ ಸರಿಪಡಿಸಿತು. ಜೂನ್ ಹೊತ್ತಿಗೆ ಈ ಸಂಖ್ಯೆ ಸುಮಾರು 2ಕ್ಕೆ ಇಳಿಯಿತು.

ಬಾಲಕ್ಲಾವಾದಲ್ಲಿ ಬಂದ ಜ್ವರ

ಸ್ಕುಟಾರಿಯ ಪರಿಸ್ಥಿತಿ ಸುಧಾರಿಸುತ್ತಿದ್ದಂತೆ ನೈಟಿಂಗೇಲ್ 1855ರ ಮೇ ತಿಂಗಳಲ್ಲಿ ಕಪ್ಪು ಸಮುದ್ರ ದಾಟಿ ಯುದ್ಧಭೂಮಿಗೆ ಹತ್ತಿರದ ಬಾಲಕ್ಲಾವಾಕ್ಕೆ ಹೋದರು. ಅಲ್ಲಿನ ಆಸ್ಪತ್ರೆಗಳನ್ನು ನೋಡಿ ಬರುವುದು ಉದ್ದೇಶ. ಹೋದ ಕೆಲವೇ ದಿನಗಳಲ್ಲಿ, 35ನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಆಕೆ ಕುಸಿದುಬಿದ್ದರು. ಸೈನಿಕರು ಅವರನ್ನು ಸ್ಟ್ರೆಚರ್ ಮೇಲೆ ಹೊತ್ತು ಗುಡ್ಡದ ಮೇಲಿನ ಆಸ್ಪತ್ರೆಗೆ ಸಾಗಿಸಿದರು.

ವೈದ್ಯರು ಅದಕ್ಕೆ ಇಟ್ಟ ಹೆಸರು ಕ್ರಿಮಿಯಾ ಜ್ವರ. ಸುಮಾರು ಎರಡು ವಾರ ಆಕೆ ಸಾವು ಬದುಕಿನ ನಡುವೆ ಇದ್ದರು. ಜ್ವರ ಏರಿ ಸನ್ನಿ ಹಿಡಿಯಿತು. ತಲೆಗೂದಲು ಕತ್ತರಿಸಿದರು. ಬದುಕುವುದು ಅನುಮಾನ ಎಂಬ ಸುದ್ದಿ ಇಂಗ್ಲೆಂಡಿನವರೆಗೂ ಹೋಯಿತು.

ಆಕೆ ಬದುಕಿದರು. ಸ್ಕುಟಾರಿಗೆ ಮರಳಿದಾಗ ನಿತ್ರಾಣ ಎಷ್ಟಿತ್ತೆಂದರೆ ಮಾತು ಪಿಸುಮಾತಿನಷ್ಟೇ ಹೊರಡುತ್ತಿತ್ತು. ಇಂಗ್ಲೆಂಡಿಗೆ ಹೋಗಿ ವಿಶ್ರಾಂತಿ ಪಡೆಯಿರಿ ಎಂದು ಸುತ್ತಲಿನವರು ಹೇಳಿದರೂ ಕೇಳಲಿಲ್ಲ. ಕೆಲವೇ ವಾರಗಳಲ್ಲಿ ಕೆಲಸಕ್ಕೆ ಇಳಿದರು. ಅಕ್ಟೋಬರಿನಲ್ಲಿ ಮತ್ತೆ ಬಾಲಕ್ಲಾವಾಕ್ಕೆ ಹೋದಾಗ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು ಕಾಡಿ ಪುನಃ ಆಸ್ಪತ್ರೆ ಸೇರಬೇಕಾಯಿತು. ಕಿವಿನೋವು, ಗಂಟಲುನೋವು, ನಿದ್ದೆ ಬಾರದ ರಾತ್ರಿಗಳು ಒಂದರ ಹಿಂದೆ ಒಂದು ಬಂದವು. ಜ್ವರದಿಂದ ಎದ್ದ ಯಾರೂ ಸಾಮಾನ್ಯವಾಗಿ ಮಾಡುವ ತಪ್ಪನ್ನೇ ನೈಟಿಂಗೇಲ್ ಕೂಡ ಮಾಡಿದ್ದರು. ಮೈ ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಹಳೆಯ ವೇಗಕ್ಕೆ ಮರಳಲು ನೋಡಿದ್ದರು.

ಊರಿಗೆ ಮರಳಿದ ಮೇಲೆ

1856ರ ಆಗಸ್ಟ್‌ನಲ್ಲಿ ಆಕೆ ಇಂಗ್ಲೆಂಡಿಗೆ ಮರಳಿದರು. ಸ್ವಾಗತ, ಮೆರವಣಿಗೆಗಳು ಬೇಡವೆಂದು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿ ಸದ್ದಿಲ್ಲದೆ ಮನೆ ಸೇರಿದರು. ಬಂದವರೇ ಸೈನಿಕರ ಸಾವುಗಳ ಲೆಕ್ಕ ಹಿಡಿದು ಕೂತರು. ಸೈನ್ಯದ ಆರೋಗ್ಯದ ಬಗ್ಗೆ ಸರ್ಕಾರ ತನಿಖಾ ಆಯೋಗ ನೇಮಿಸುವಂತೆ ಮಾಡಿದರು.

1857ರ ಆಗಸ್ಟ್‌ನಲ್ಲಿ ದೇಹ ಕೈಕೊಟ್ಟಿತು. ಎದೆಬಡಿತ ಜೋರಾಗುವುದು, ಉಸಿರು ಕಟ್ಟುವುದು, ಊಟ ನೋಡಿದರೆ ವಾಕರಿಕೆ, ಎದ್ದು ನಿಲ್ಲಲೂ ಆಗದ ಬಳಲಿಕೆ. ಚಿಕಿತ್ಸೆಗಾಗಿ ಮಾಲ್ವರ್ನ್ ಎಂಬ ಊರಿಗೆ ಹೋದರು. ತಾನು ಉಳಿಯುವುದಿಲ್ಲ ಎಂದು ಆಕೆಗೂ ಅನ್ನಿಸಿತ್ತು. ತಾನು ಸತ್ತ ಮೇಲೆ ತಲುಪಿಸಬೇಕೆಂದು ಸಿಡ್ನಿ ಹರ್ಬರ್ಟ್ ಅವರಿಗೆ ಒಂದು ಪತ್ರವನ್ನೂ ಬರೆದಿಟ್ಟರು. ಆಗ ಆಕೆಗೆ 37 ವರ್ಷ.

ಆಮೇಲೆ ಕಾಯಿಲೆ ಒಂದೇ ಸಮ ಇರಲಿಲ್ಲ. ಕೆಲವು ವಾರ ಸುಮಾರಾಗಿ ಇರುತ್ತಿದ್ದರು, ಮತ್ತೆ ಕುಸಿಯುತ್ತಿದ್ದರು. 1861ರ ಕೊನೆಯಲ್ಲಿ ಬಂದ ಹೊಡೆತ ಎಲ್ಲಕ್ಕಿಂತ ಕೆಟ್ಟದು. ಬೆನ್ನುಮೂಳೆಯಲ್ಲಿ ತಡೆಯಲಾರದ ನೋವು, ನಡೆಯಲು ಆಗದು. ಮುಂದಿನ ಸುಮಾರು ಆರು ವರ್ಷ ಅವರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿಕೊಂಡೇ ಹೋಗಬೇಕಿತ್ತು. ಜೊತೆಗೆ ಮನಸ್ಸನ್ನು ಕವಿದ ಖಿನ್ನತೆ. ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಮೈಲುಗಟ್ಟಲೆ ನಡೆದಿದ್ದ ವ್ಯಕ್ತಿಗೆ ಮಂಚದಿಂದ ಕಿಟಕಿಯವರೆಗಿನ ದೂರವೇ ದೊಡ್ಡದಾಯಿತು.

ಹಾಸಿಗೆಯೇ ಕಚೇರಿ

ನೈಟಿಂಗೇಲ್ ಹೆಸರಿನೊಂದಿಗೆ ಇಂದು ನಾವು ಜೋಡಿಸುವ ದೊಡ್ಡ ಕೆಲಸಗಳಲ್ಲಿ ಹೆಚ್ಚಿನವು ಈ ಕಾಯಿಲೆಯ ವರ್ಷಗಳಲ್ಲೇ ಆದವು. ಸೈನಿಕರ ಸಾವಿನ ಕಾರಣಗಳನ್ನು ಬಣ್ಣದ ವೃತ್ತಾಕಾರದ ಚಿತ್ರದಲ್ಲಿ ತೋರಿಸಿದ ಪ್ರಸಿದ್ಧ ನಕ್ಷೆ 1858ರದು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಅವರನ್ನು ಆರಿಸಿತು. ಶುಶ್ರೂಷೆಯ ಬಗ್ಗೆ ಮನೆಮಂದಿಗೆಂದು ಬರೆದ ಪುಸ್ತಕ 1859ರ ಕೊನೆಗೆ ಅಚ್ಚಾಯಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ತರಬೇತಿ ಶಾಲೆ ಆರಂಭವಾಯಿತು.

ಭಾರತಕ್ಕೂ ಈ ಹಾಸಿಗೆಯಿಂದ ಒಂದು ದಾರಿ ಇತ್ತು. ಇಲ್ಲಿನ ಬ್ರಿಟಿಷ್ ಸೈನ್ಯದ ಆರೋಗ್ಯದ ಬಗ್ಗೆ 1859ರಲ್ಲಿ ನೇಮಕವಾದ ಆಯೋಗದ ಹಿಂದಿನ ಶಕ್ತಿ ಆಕೆಯೇ. ದೇಶದ ಸೇನಾ ಠಾಣೆಗಳಿಗೆಲ್ಲ ಪ್ರಶ್ನಾವಳಿ ಹೋಯಿತು. ಬಂದ ಉತ್ತರಗಳ ರಾಶಿಯನ್ನು ಮಲಗಿದ್ದಲ್ಲೇ ಓದಿ ವಿಶ್ಲೇಷಿಸಿದರು. 1863ರಲ್ಲಿ ಹೊರಬಂದ ವರದಿ 2000 ಪುಟಗಳನ್ನು ದಾಟಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಮಂದಿ ಸಾಯುತ್ತಿದ್ದರು ಎಂಬುದು ಅದರ ಮುಖ್ಯ ಅಂಶ. ಹತ್ತು ವರ್ಷಗಳ ನಂತರ ಅದು 18ಕ್ಕೆ ಇಳಿದಿದೆ ಎಂದು ನೈಟಿಂಗೇಲ್ ಲೆಕ್ಕ ಕೊಟ್ಟರು. ಆಕೆ ಒಮ್ಮೆಯೂ ಭಾರತಕ್ಕೆ ಬರಲಿಲ್ಲ.

ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಕಾಯಿಲೆಯ ಮಿತಿಯೊಳಗೇ ದಿನವನ್ನು ಹೊಂದಿಸಿಕೊಂಡದ್ದರಿಂದ. ಒಂದು ಹೊತ್ತಿಗೆ ಒಬ್ಬರೇ ಸಂದರ್ಶಕರು, ಅದೂ ಮೊದಲೇ ಗೊತ್ತುಮಾಡಿದ ಸಮಯಕ್ಕೆ. ಭೇಟಿಯಿಂದ ಮೈ ಎಷ್ಟು ದಣಿಯುತ್ತದೆ ಎಂಬ ಲೆಕ್ಕ ಹಾಕಿ ಎಷ್ಟೋ ಮಂದಿಯನ್ನು ನೋಡದೆಯೇ ಕಳಿಸುತ್ತಿದ್ದರು. ಉಳಿದದ್ದೆಲ್ಲ ಪತ್ರ ಮತ್ತು ಚೀಟಿಗಳಲ್ಲಿ. ಡಾಕ್ಟರ್ ಜಾನ್ ಸದರ್‌ಲ್ಯಾಂಡ್ ಅವರಂಥ ಸಹೋದ್ಯೋಗಿಗಳು ಹೊರಗಿನ ಓಡಾಟ ನೋಡಿಕೊಂಡರು. ಜೊತೆಗೆ ಬೆಕ್ಕುಗಳಿದ್ದವು. ಅವು ಮಾತಾಡಿ ದಣಿಸುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಮರೆಯಬಾರದು. ತಂದೆ ಕೊಡುತ್ತಿದ್ದ ಹಣ, ಮನೆಯಾಳುಗಳು, ಬರೆದದ್ದನ್ನು ಓದುವ ಮಂತ್ರಿಗಳು ಆಕೆಗೆ ಇದ್ದರು. ಅದೇ ಜ್ವರದಿಂದ ಎದ್ದು ಊರಿಗೆ ಮರಳಿದ ಸಾಮಾನ್ಯ ಸೈನಿಕನಿಗೆ ಇವು ಯಾವುವೂ ಇರಲಿಲ್ಲ. ಕಾಯಿಲೆಯ ನಂತರದ ಬದುಕು ಎಷ್ಟು ಸಹನೀಯ ಎಂಬುದನ್ನು ಔಷಧಿಯಷ್ಟೇ ಮನೆಯ ಪರಿಸ್ಥಿತಿಯೂ ನಿರ್ಧರಿಸುತ್ತದೆ. ಅಂದಿಗೂ ಹಾಗೇ, ಇಂದಿಗೂ ಹಾಗೇ.

ಇನ್ನೊಬ್ಬರ ಕಾಯಿಲೆಯ ವಿಷಯದಲ್ಲಿ ನೈಟಿಂಗೇಲ್ ಕೂಡ ಎಡವಿದ್ದುಂಟು. ಮೂತ್ರಪಿಂಡದ ಕಾಯಿಲೆಯಿಂದ ಸೊರಗುತ್ತಿದ್ದ ಸಿಡ್ನಿ ಹರ್ಬರ್ಟ್ ಕೆಲಸ ಬಿಡುತ್ತೇನೆಂದಾಗ ಆಕೆ ಅದನ್ನು ಒಪ್ಪದೆ ದುಡಿಸುತ್ತಲೇ ಇದ್ದರು. ಹರ್ಬರ್ಟ್ 1861ರ ಆಗಸ್ಟ್‌ನಲ್ಲಿ ತೀರಿಕೊಂಡರು. ಕಣ್ಣಿಗೆ ಕಾಣದ ಕಾಯಿಲೆಯನ್ನು ನಂಬುವುದು ಅದನ್ನು ಸ್ವತಃ ಅನುಭವಿಸುತ್ತಿರುವವರಿಗೂ ಎಷ್ಟು ಕಷ್ಟ ನೋಡಿ.

ಕೊನೆಯ ದಶಕಗಳು

1870ರ ನಂತರ ತೀವ್ರ ಹೊಡೆತಗಳು ಕಡಿಮೆಯಾದವು. 1880ರ ದಶಕದಲ್ಲಿ ಮನಸ್ಸಿನ ಭಾರವೂ ಇಳಿಯಿತು. 1882ರಲ್ಲಿ ಆಕೆ ಸೇಂಟ್ ಥಾಮಸ್ ಆಸ್ಪತ್ರೆಯ ತನ್ನ ತರಬೇತಿ ಶಾಲೆಗೆ ಮೊದಲ ಬಾರಿಗೆ ಕಾಲಿಟ್ಟರು. ಶಾಲೆ ಶುರುವಾಗಿ ಆಗಲೇ 22 ವರ್ಷಗಳಾಗಿದ್ದವು!

ಮುಪ್ಪಿನಲ್ಲಿ ದೃಷ್ಟಿ ಹೋಯಿತು, ನೆನಪೂ ಮಸುಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ಲಂಡನ್ನಿನ ಮನೆಯಲ್ಲಿ ನಿದ್ದೆಯಲ್ಲೇ ಕೊನೆಯುಸಿರೆಳೆದರು. ಬಾಲಕ್ಲಾವಾದ ಜ್ವರ ಬಂದು 55 ವರ್ಷಗಳಾಗಿದ್ದವು. ತನ್ನ ಸಾವಿನ ಪತ್ರ ಯಾರಿಗೆ ಬರೆದಿದ್ದರೋ ಅವರು ಸತ್ತು ಅರ್ಧ ಶತಮಾನ ಸಮೀಪಿಸಿತ್ತು.

ರೋಗವೋ, ಸೋಗೋ?

ಸತ್ತ ಮೇಲೂ ಆಕೆಯ ಕಾಯಿಲೆಯ ಮೇಲಿನ ಅನುಮಾನ ಮುಗಿಯಲಿಲ್ಲ. ಮಲಗಿದ್ದುಕೊಂಡೇ ಇಷ್ಟೊಂದು ಕೆಲಸ ಮಾಡಿದವಳಿಗೆ ನಿಜವಾಗಿ ಕಾಯಿಲೆ ಇದ್ದೀತೇ ಎಂಬುದು ವಾದ. ಮನೆಯವರಿಂದ, ಬೇಡದ ಅತಿಥಿಗಳಿಂದ ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದು ಕೆಲವರು, ಮನೋರೋಗ ಎಂದು ಇನ್ನು ಕೆಲವರು ಬರೆದರು. 1918ರಲ್ಲಿ ಲಿಟನ್ ಸ್ಟ್ರೇಚಿ ಬರೆದ ಜೀವನಚಿತ್ರ ಈ ಅನುಮಾನಕ್ಕೆ ನೀರೆರೆಯಿತು. 1974ರಲ್ಲಿ ವೈದ್ಯ ಜಾರ್ಜ್ ಪಿಕರಿಂಗ್ ಕೂಡ ಇದು ಮನಸ್ಸಿನಿಂದ ಹುಟ್ಟಿದ ಕಾಯಿಲೆ ಎಂದೇ ವಾದಿಸಿದರು.

1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಿ. ಎ. ಬಿ. ಯಂಗ್ ಬೇರೆಯದೇ ವಿವರಣೆ ಮುಂದಿಟ್ಟರು. ಕ್ರಿಮಿಯಾ ಜ್ವರ ಎಂದರೆ ಬ್ರುಸೆಲ್ಲೋಸಿಸ್ ಆಗಿರಬೇಕು, ಮುಂದಿನ ವರ್ಷಗಳ ತೊಂದರೆ ಅದರ ದೀರ್ಘಕಾಲದ ರೂಪ ಎಂಬುದು ಅವರ ವಾದ. ಏರಿ ಇಳಿದು ಮರಳುವ ಜ್ವರ, ಸಯಾಟಿಕಾ, ಬೆನ್ನುಮೂಳೆಯ ಉರಿಯೂತ, ಬಳಲಿಕೆ, ಖಿನ್ನತೆ ಎಲ್ಲವೂ ಆ ಕಾಯಿಲೆಯ ಲಕ್ಷಣಗಳೇ. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಕಂಡುಹಿಡಿದದ್ದು 1887ರಲ್ಲಿ, ಅಂದರೆ ನೈಟಿಂಗೇಲ್ ಅವರಿಗೆ 67 ವರ್ಷವಾಗಿದ್ದಾಗ. ಅದು ಮೇಕೆ ಹಾಲಿನಿಂದ ಬರುತ್ತದೆ ಎಂದು ತೆಮಿಸ್ಟೊಕ್ಲೀಸ್ ಝಮಿತ್ ತೋರಿಸಿದ್ದು 1905ರಲ್ಲಿ. ಆಕೆ ಹಾಸಿಗೆ ಹಿಡಿದ ಕಾಲದ ವೈದ್ಯರಿಗೆ ರೋಗವನ್ನು ಗುರುತಿಸುವ ಸಾಧನವೇ ಇರಲಿಲ್ಲ.

ಸತ್ತವರ ರೋಗವನ್ನು ಪತ್ರಗಳಿಂದ ಪತ್ತೆ ಮಾಡುವುದಕ್ಕೆ ಮಿತಿ ಇದೆ. ರಕ್ತಪರೀಕ್ಷೆ ಇಲ್ಲದೆ ಯಾವುದನ್ನೂ ಸಾಬೀತು ಮಾಡಲಾಗದು. ಯುದ್ಧದಲ್ಲಿ ಕಂಡ ಸಾವುಗಳ ಆಘಾತವೂ ಸೇರಿಕೊಂಡಿರಬಹುದು. ಆದರೆ ಒಂದು ಮಾತು ಖಚಿತ. ವೈದ್ಯರಿಗೆ ಕಾರಣ ಗೊತ್ತಾಗಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆಯೇ ಇಲ್ಲ ಎಂದಾಗುವುದಿಲ್ಲ. ಮೇ 12ನ್ನು ಇಂದು ದೀರ್ಘಕಾಲದ ಬಳಲಿಕೆಯ ಕಾಯಿಲೆಯ ಜಾಗೃತಿ ದಿನವಾಗಿಯೂ ಆಚರಿಸುತ್ತಾರೆ. ಅದಕ್ಕೆ ಈ ದಿನವನ್ನೇ ಆರಿಸಿಕೊಂಡದ್ದು ನೈಟಿಂಗೇಲ್ ಅವರ ನೆನಪಿನಲ್ಲಿ.

ಅಂದಹಾಗೆ, ಬ್ರುಸೆಲ್ಲೋಸಿಸ್ ಹಳೆಯ ಕತೆಯಲ್ಲ. ಹಸು, ಎಮ್ಮೆಗಳು ಕಂದು ಹಾಕಲು ಇದೂ ಒಂದು ಕಾರಣ, ನಮ್ಮ ದೇಶದಲ್ಲಿ ಇಂದಿಗೂ ಇದೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸುವುದು, ಹಾಲನ್ನು ಕಾಯಿಸಿಯೇ ಕುಡಿಯುವುದು, ಕಂದು ಹಾಕಿದ ಹಸುವಿನ ಮಾಸು, ಸತ್ತ ಕರುವನ್ನು ಬರಿಗೈಯಲ್ಲಿ ಮುಟ್ಟದಿರುವುದು ಮುಖ್ಯ. ಹಸಿ ಹಾಲೇ ಶ್ರೇಷ್ಠ ಎಂಬ ಮಾತು ನಂಬಬೇಡಿ. ಮನುಷ್ಯರಿಗೆ ಬಂದರೆ ಕನಿಷ್ಠ ಆರು ವಾರಗಳ ಆ್ಯಂಟಿಬಯಾಟಿಕ್ ಚಿಕಿತ್ಸೆ ಬೇಕು.

ಸೆಪ್ಸಿಸ್ ಗೆದ್ದವರ ಮುಂದಿನ ದಿನಗಳು

ನೈಟಿಂಗೇಲ್ ಅವರಿಗೆ ಬಂದದ್ದು ಇಂದಿನ ಅರ್ಥದಲ್ಲಿ ಸೆಪ್ಸಿಸ್ ಆಗಿತ್ತೇ ಎಂದು ಈಗ ಅಳೆಯಲಾಗದು. ಆದರೆ ಅವರ ಬದುಕಿನ ಮುಂದಿನ ನಕ್ಷೆ ಸೆಪ್ಸಿಸ್‌ನಿಂದ ಉಳಿದ ಅನೇಕರ ಬದುಕಿಗೆ ಹತ್ತಿರದಲ್ಲಿದೆ.

ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ಪ್ರತಿಕ್ರಿಯೆ ಹತೋಟಿ ತಪ್ಪಿ ತನ್ನದೇ ಅಂಗಗಳಿಗೆ ಹಾನಿ ಮಾಡುವ ಸ್ಥಿತಿಯೇ ಸೆಪ್ಸಿಸ್. ಆಡುಮಾತಿನಲ್ಲಿ ಮೈಗೆ ನಂಜೇರಿತು ಎನ್ನುತ್ತೇವೆ. ನ್ಯುಮೋನಿಯಾ, ಮೂತ್ರದ ಸೋಂಕು, ಕೊಳೆತ ಗಾಯ, ಹೆರಿಗೆಯ ನಂತರದ ಸೋಂಕು ಯಾವುದರಿಂದಲೂ ಇದು ಬರಬಹುದು. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಮಂದಿಗೆ ಸೆಪ್ಸಿಸ್ ಆಗಿತ್ತು, 1.1 ಕೋಟಿ ಮಂದಿ ಸತ್ತಿದ್ದರು ಎಂಬುದು ಒಂದು ದೊಡ್ಡ ಅಧ್ಯಯನದ ಅಂದಾಜು. ಉಳಿದವರ ಕತೆ ಏನು?

ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಸುಮಾರು ಮೂರನೇ ಒಂದು ಭಾಗ ಮುಂದಿನ ಒಂದು ವರ್ಷದಲ್ಲಿ ಸಾಯುತ್ತಾರೆ. ಆರನೇ ಒಂದು ಭಾಗದಷ್ಟು ಮಂದಿಗೆ ತೀವ್ರ ತೊಂದರೆಗಳು ಉಳಿದುಬಿಡುತ್ತವೆ. 2018ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಲೇಖನದ ಲೆಕ್ಕವಿದು. ಅಮೆರಿಕದ ಹಿರಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆನಪು ಮತ್ತು ಯೋಚನಾಶಕ್ತಿಯ ಗಣನೀಯ ತೊಂದರೆ ಇದ್ದವರ ಪ್ರಮಾಣ ತೀವ್ರ ಸೆಪ್ಸಿಸ್‌ಗೆ ಮೊದಲು ಶೇ. 6.1 ಇದ್ದದ್ದು ನಂತರ ಶೇ. 16.7ಕ್ಕೆ ಏರಿತ್ತು. ಸ್ನಾನ, ಅಡುಗೆ, ಹಣದ ಲೆಕ್ಕದಂಥ ದಿನನಿತ್ಯದ ಕೆಲಸಗಳಲ್ಲೂ ಹೊಸ ತೊಡಕುಗಳು ಬಂದಿದ್ದವು.

ಹೀಗೇಕೆ ಆಗುತ್ತದೆ? ತೀವ್ರ ಉರಿಯೂತ ಮತ್ತು ದಿನಗಟ್ಟಲೆ ಮಲಗಿರುವುದರಿಂದ ಮಾಂಸಖಂಡಗಳು ಬೇಗ ಕರಗುತ್ತವೆ. ಸನ್ನಿ ಹಿಡಿದಿದ್ದವರ ಮೆದುಳು ಮೊದಲಿನ ಚುರುಕಿಗೆ ಬರಲು ತಿಂಗಳುಗಳು ಬೇಕಾಗಬಹುದು. ರೋಗನಿರೋಧಕ ಶಕ್ತಿ ಕೆಲಕಾಲ ಕುಗ್ಗಿರುವುದರಿಂದ ಮತ್ತೆ ಸೋಂಕು ತಗಲುವುದು ಸುಲಭ. ಹೃದಯ, ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿರಬಹುದು. ಐಸಿಯುವಿನ ದಿನಗಳು ಕೆಟ್ಟ ಕನಸಾಗಿ ಕಾಡಬಹುದು. ಹೊರಗಿನಿಂದ ನೋಡುವವರಿಗೆ ಇದು ಯಾವುದೂ ಕಾಣುವುದಿಲ್ಲ.

ಮನೆಯವರು ಏನು ಮಾಡಬಹುದು?

ಮೊದಲನೆಯದಾಗಿ, ನಂಬಿ. ಕಾಯಿಲೆ ಬಂದವರಿಗೆ ಸುಳ್ಳು ಭರವಸೆ, ಬೇಡದ ಸಲಹೆ ಕೊಡುವವರ ಬಗ್ಗೆ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ನಿಮಗೇನೂ ಆಗಿಲ್ಲ, ಎದ್ದು ಓಡಾಡಿ ಎಂದು ಹೇಳಿ ಹೋಗುವವರಿಂದ ರೋಗಿಗೆ ಎಷ್ಟು ಆಯಾಸವಾಗುತ್ತದೆ ಎಂದು ಅಲ್ಲಿ ವಿವರಿಸುತ್ತಾರೆ. ಅದನ್ನು ಬರೆದಾಗ ಆಕೆಯೇ ರೋಗಿಯಾಗಿದ್ದರು.

ಎರಡನೆಯದಾಗಿ, ಡಿಸ್ಚಾರ್ಜ್ ಆಗುವಾಗಲೇ ಮುಂದಿನ ಭೇಟಿಯ ದಿನ ಕೇಳಿಟ್ಟುಕೊಳ್ಳಿ. ಮೈಯ ಶಕ್ತಿ, ನೆನಪು, ಮನಸ್ಥಿತಿ ಮೂರನ್ನೂ ವೈದ್ಯರು ಪರೀಕ್ಷಿಸಬೇಕು ಎಂದು 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಹೇಳುತ್ತದೆ. ಮೊದಲಿನಿಂದ ನುಂಗುತ್ತಿದ್ದ ಮಾತ್ರೆಗಳನ್ನು ಹಾಗೇ ಮುಂದುವರಿಸಬಹುದೇ ಎಂದು ವಿಚಾರಿಸಿ. ಫಿಸಿಯೋಥೆರಪಿ ಬೇಕೇ, ಯಾವ ಲಸಿಕೆಗಳು ಸೂಕ್ತ ಎಂದೂ ಕೇಳಿ.

ಮೂರನೆಯದಾಗಿ, ನಿಧಾನವಾಗಿ ಹೆಜ್ಜೆ ಹಾಕಿಸಿ. ದಿನಕ್ಕೆ ಸ್ವಲ್ಪ ನಡಿಗೆ, ಸಾಕಷ್ಟು ಪ್ರೋಟೀನ್ ಇರುವ ಊಟ, ನಡುನಡುವೆ ವಿಶ್ರಾಂತಿ. ನೋಡಲು ಬರುವ ನೆಂಟರನ್ನು ಒಮ್ಮೆಗೆ ಒಬ್ಬಿಬ್ಬರಿಗೆ ಮಿತಿಗೊಳಿಸಿದರೆ ಯಾರೂ ತಪ್ಪು ತಿಳಿಯಬೇಕಿಲ್ಲ.

ಕೊನೆಯದಾಗಿ, ಎಚ್ಚರ ತಪ್ಪಬೇಡಿ. ಒಮ್ಮೆ ಸೆಪ್ಸಿಸ್ ಆದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು. ಜ್ವರ ಅಥವಾ ಮೈ ತಣ್ಣಗಾಗುವುದು, ವೇಗದ ಉಸಿರಾಟ, ಮಾತು ತೊದಲುವುದು, ಗೊಂದಲ, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂದು ನಮ್ಮಲ್ಲಿ ಆ್ಯಂಟಿಬಯಾಟಿಕ್ ಇದೆ, ಐಸಿಯು ಇದೆ. ಜೀವ ಉಳಿಸುವುದನ್ನು ನೈಟಿಂಗೇಲ್ ಕಾಲದವರಿಗಿಂತ ಎಷ್ಟೋ ಚೆನ್ನಾಗಿ ಕಲಿತಿದ್ದೇವೆ. ಉಳಿದ ಜೀವಕ್ಕೆ ಆಮೇಲೆ ಏನು ಬೇಕು ಎಂಬುದನ್ನು ಕಲಿಯುವುದು ಇನ್ನೂ ಬಾಕಿ ಇದೆ.